ಸೆಲ್ಮಾ: ಮೂರು ಪಾದಯಾತ್ರೆ, ಒಂದು ಸೇತುವೆ, ಎರಡೆರಡು ಇಸವಿ

ಸೆಲ್ಮಾ ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದ ಸಣ್ಣ ಊರು. ನಾಗರಿಕ ಹಕ್ಕುಗಳ ಹೋರಾಟ ಓದುತ್ತಿರುವವರಿಗೆ ಈ ಹೆಸರು ಗೊತ್ತೇ ಇರುತ್ತದೆ, ಹಿನ್ನೆಲೆ ಜಾಸ್ತಿ ಬರೆಯುವುದಿಲ್ಲ. ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರೆ ಕಚೇರಿಯಿಂದ ಸಾಗಹಾಕುತ್ತಿದ್ದರು. ಜಗಳದ ಮೂಲ ಅದು.

1965ರ ಮಾರ್ಚ್‌ನಲ್ಲಿ ಮೂರು ಪಾದಯಾತ್ರೆ ನಡೆದವು. ಮೊದಲನೆಯದು 7ನೇ ತಾರೀಕು. ಬ್ರೌನ್ ಚಾಪೆಲ್ ಚರ್ಚಿನಿಂದ ಸುಮಾರು 600 ಜನ ಹೊರಟರು. ಮುಂದೆ ಹೋರಾಟದ ಮುಂದಾಳುಗಳಾದ ಜಾನ್ ಲೂಯಿಸ್, ಹೊಸಿಯಾ ವಿಲಿಯಮ್ಸ್. ಎಡ್ಮಂಡ್ ಪೆಟ್ಟಸ್ ಸೇತುವೆ ನಡುವೆ ಉಬ್ಬಿದೆ. ಊರಿನ ಕಡೆಯಿಂದ ಹತ್ತುವಾಗ ಆಚೆ ದಡ ಕಾಣುವುದಿಲ್ಲ. ನೆತ್ತಿಗೆ ಬಂದ ಮೇಲೇ ಕೆಳಗೆ ಸಾಲುಗಟ್ಟಿ ನಿಂತ ರಾಜ್ಯ ಪೊಲೀಸರು ಕಂಡದ್ದು. ಲಾಠಿ, ಅಶ್ರುವಾಯು, ಕುದುರೆ ಸವಾರರು. ಇದೇ ‘ರಕ್ತಸಿಕ್ತ ಭಾನುವಾರ’.

ಮೂರನೆಯದನ್ನು ನೆನಪಿಡುವುದೂ ಸಲೀಸು. 21ಕ್ಕೆ ಹೊರಟು 25ಕ್ಕೆ ರಾಜಧಾನಿ ಮಾಂಟ್‌ಗೊಮರಿ. 54 ಮೈಲಿ.

ತಲೆ ತಿನ್ನುವುದು ನಡುವಿನದು, ಮಾರ್ಚ್ 9. ಮಾರ್ಟಿನ್ ಲೂಥರ್ ಕಿಂಗ್ ಜನರನ್ನು ಸೇತುವೆ ದಾಟಿಸಿದರು, ಮೊಣಕಾಲೂರಿ ಪ್ರಾರ್ಥಿಸಿದರು, ವಾಪಸ್ ಕರೆತಂದರು. ಪೊಲೀಸರು ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದರು! ಮತ್ತೆ ಹಿಂದಿರುಗಿದ್ದೇಕೆ? ಇಲ್ಲಿ ‘ತಡೆದವರು ಯಾರು’ ಅಂತ ಬಿಡಿಸಿಕೊಳ್ಳಬೇಕು. ಮೊದಲ ಯಾತ್ರೆ ತಡೆದದ್ದು ರಾಜ್ಯ, ಅಂದರೆ ಗವರ್ನರ್ ಜಾರ್ಜ್ ವಾಲೆಸ್. ಎರಡನೆಯದಕ್ಕೆ ಅಡ್ಡ ಬಂದದ್ದು ಕೇಂದ್ರದ ಕೋರ್ಟು. ಆ ಕೋರ್ಟಿಗೆ ಹೋದವರು ಹೋರಾಟಗಾರರೇ. ‘ವಾಲೆಸ್ ನಮ್ಮನ್ನು ತಡೆಯದಂತೆ ಆದೇಶ ಕೊಡಿ’ ಎಂದು ಕೇಳಿದ್ದರು. ನ್ಯಾಯಾಧೀಶ ಫ್ರಾಂಕ್ ಜಾನ್ಸನ್, ವಿಚಾರಣೆ ಆಗುವ ತನಕ ನೀವೂ ಹೊರಡಬೇಡಿ ಎಂದರು. ರಕ್ಷಣೆ ಕೇಳಿದ ಕೋರ್ಟಿನ ಮಾತನ್ನೇ ಮೀರಿದರೆ ಕೇಸು ಕೆಡುತ್ತದೆ, ಅಲ್ವಾ? ಸುಮ್ನೆ ಕೂತರೆ ಜನ ಚದುರಿ ಹೋಗುತ್ತಾರೆ. ಅದಕ್ಕೇ ಅರ್ಧ ದಾರಿ. ಸಿಟ್ಟಾದವರೂ ಇದ್ದರು. 17ಕ್ಕೆ ಅದೇ ಜಾನ್ಸನ್ ಅನುಮತಿ ಕೊಟ್ಟರು. ಹೀಗೆ ತಡೆದವರೂ ಬಿಟ್ಟವರೂ ಒಬ್ಬರೇ. ಆಗಸ್ಟ್ 6ಕ್ಕೆ ಮತದಾನ ಹಕ್ಕು ಕಾಯ್ದೆ ಬಂತು.

ಈಗ ಸ್ಮಾರಕಗಳು. ನಾನು ಬಳಸುವ ಉಪಾಯ ಒಂದೇ: ಪ್ರತಿ ಸ್ಮಾರಕದ ಮುಂದೆ ಎರಡು ಇಸವಿ ಬರೆಯಿರಿ. ಅದು ಯಾವ ಕಾಲವನ್ನು ನೆನೆಯುತ್ತದೆ, ಅದನ್ನು ಯಾವಾಗ ನಿಲ್ಲಿಸಿದರು. ಎರಡನೆಯದೇ ಜಾಸ್ತಿ ಹೇಳುತ್ತದೆ.

ಸೇತುವೆಯನ್ನೇ ನೋಡಿ. ಪೆಟ್ಟಸ್ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಕಾದಿದ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಸೇನೆಯ ಜನರಲ್, ಆಮೇಲೆ ಸೆನೆಟರ್. ಸತ್ತದ್ದು 1907. ಸೇತುವೆ ತೆರೆದದ್ದು 1940. ಅಂದರೆ 1865ರಲ್ಲಿ ಆ ಯುದ್ಧ ಮುಗಿದು 75 ವರ್ಷದ ಮೇಲೂ ಊರು ಯಾರನ್ನು ದೊಡ್ಡವನೆಂದಿತು ಎಂಬುದರ ದಾಖಲೆ ಅದು. ಕಮಾನಿನ ಮೇಲೆ ದೊಡ್ಡಕ್ಷರದಲ್ಲಿ ಈಗಲೂ ಅದೇ ಹೆಸರು. ಬದಲಿಸಿ ಎಂಬ ಕೂಗು ಎದ್ದಾಗ ಬೇಡ ಎಂದವರಲ್ಲಿ ಅಲ್ಲೇ ಏಟು ತಿಂದ ಲೂಯಿಸ್ ಕೂಡ ಒಬ್ಬರು.

ಇದಕ್ಕಿಂತ ಖಾರವಾದ ಉದಾಹರಣೆ ಫಾರೆಸ್ಟ್ ಪ್ರತಿಮೆ. 1865ರ ಏಪ್ರಿಲ್ 2ರಂದು ಸೆಲ್ಮಾದಲ್ಲಿ ಸೋತ ಕಾನ್ಫೆಡರೇಟ್ ಸೇನಾಪತಿ ಆತ, ಮುಂದೆ ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪಿನ ನಾಯಕ. ಪ್ರತಿಮೆ ಇಟ್ಟದ್ದು 2000ದಲ್ಲಿ! ಊರಿಗೆ ಮೊದಲ ಕಪ್ಪು ಮೇಯರ್ ಬಂದದ್ದೂ ಆಗಲೇ. ಎರಡನೇ ಇಸವಿ ಬರೆಯದಿದ್ದರೆ ಇದು ಬರೀ ಯುದ್ಧದ ನೆನಪಿನಂತೆ ಕಾಣುತ್ತದೆ. ಗಲಾಟೆಯಾಗಿ ಪ್ರತಿಮೆಯನ್ನು ಓಲ್ಡ್ ಲೈವ್ ಓಕ್ ಸ್ಮಶಾನಕ್ಕೆ ಸಾಗಿಸಿದರು. 2012ರಲ್ಲಿ ಕಳುವಾಯಿತು, ಹೊಸದು ಬಂತು. ಅದೇ ಸ್ಮಶಾನದಲ್ಲಿ ಪೆಟ್ಟಸ್ ಸಮಾಧಿಯೂ ಇದೆ, ಗುಲಾಮನಾಗಿ ಹುಟ್ಟಿ 1870ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಗೆದ್ದ ಬೆಂಜಮಿನ್ ಟರ್ನರ್ ಸಮಾಧಿಯೂ ಇದೆ.

ಸತ್ತವರ ಹೆಸರು ಅದಲುಬದಲಾಗದಂತೆ ಯಾತ್ರೆಗಳಿಗೆ ಜೋಡಿಸಿಕೊಳ್ಳಿ. ಹೋರಾಟಗಾರ ಜಿಮ್ಮಿ ಲೀ ಜಾಕ್ಸನ್ ಪೊಲೀಸರ ಗುಂಡೇಟಿಗೆ ಸತ್ತದ್ದು ಮೊದಲನೆಯದಕ್ಕೂ ಮುಂಚೆ. ಯಾತ್ರೆಗೆ ಕಿಡಿ ಹೊತ್ತಿದ್ದೇ ಅದರಿಂದ. ಪಾದ್ರಿ ಜೇಮ್ಸ್ ರೀಬ್ ಏಟು ತಿಂದದ್ದು ಎರಡನೆಯದರ ರಾತ್ರಿ. ಹೋರಾಟಗಾರ್ತಿ ವಯೋಲಾ ಲಿಯುಝೊ ಕೊಲೆಯಾದದ್ದು ಮೂರನೆಯದು ಮುಗಿದ ರಾತ್ರಿ, ಯಾತ್ರಿಕರನ್ನು ಕಾರಿನಲ್ಲಿ ಬಿಟ್ಟುಬರುವ ಕೆಲಸದಲ್ಲಿದ್ದಾಗ. ಹೆದ್ದಾರಿ 80ರ ಪಕ್ಕದ ಅವರ ಸ್ಮಾರಕದ ಕಲ್ಲಿಗೂ ಎರಡು ಇಸವಿ ಬರೆಯಿರಿ: 1965, 1991.