ಶಾರ್ಕ್ ಯಕೃತ್ತಿನಿಂದ ಯೀಸ್ಟ್ ತೊಟ್ಟಿಗೆ: ಸ್ಕ್ವಾಲೇನ್ ಬಂದ ದಾರಿ

ಕ್ರೀಮಿನ ಡಬ್ಬಿಯ ಮೇಲೆ ‘ಸ್ಕ್ವಾಲೇನ್’ (ಚರ್ಮ ಮೃದುವಾಗಿಸುವ ಎಣ್ಣೆ) ಎಂದಷ್ಟೇ ಇದ್ದರೆ ಅದು ಶಾರ್ಕಿನದೋ, ಆಲಿವಿನದೋ, ಯೀಸ್ಟಿನದೋ ತಿಳಿಯುವುದಿಲ್ಲ. ಮೂರರಲ್ಲೂ ಅಣು ಒಂದೇ. ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದ.

ಶಾರ್ಕ್ ಯಕೃತ್ತಿನ ಎಣ್ಣೆಯಲ್ಲಿ ಸ್ಕ್ವಾಲೇನಿನ ಮೂಲವಸ್ತುವಾದ ‘ಸ್ಕ್ವಾಲೀನ್’ ಇದೆಯೆಂದು 20ನೇ ಶತಮಾನದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ರಸಾಯನವಿಜ್ಞಾನಿ ಮಿತ್ಸುಮಾರು ತ್ಸುಜಿಮೊಟೊ. ನಮ್ಮ ಚರ್ಮದ ಜಿಡ್ಡಿನಲ್ಲೂ ಇರುವ ಈ ವಸ್ತು ಗಾಳಿ ತಗುಲಿದರೆ ಬೇಗ ಕೆಡುತ್ತದೆ. ಜಲಜನಕ ಸೇರಿಸಿದರೆ ಕೆಡದ ಸ್ಕ್ವಾಲೇನ್ ಆಗುತ್ತದೆ. ಮುಂದೆ ದಶಕಗಟ್ಟಲೆ ಸೌಂದರ್ಯವರ್ಧಕಗಳಿಗೆ ಶಾರ್ಕೇ ಮೂಲವಾಯಿತು. ಆಳಸಮುದ್ರದ ಶಾರ್ಕ್‌ಗಳು ಮುಳುಗದೆ ಈಜುವುದು ಎಣ್ಣೆ ತುಂಬಿದ ಯಕೃತ್ತಿನ ಬಲದಿಂದ. ನಿಧಾನವಾಗಿ ಬೆಳೆದು ಕೆಲವೇ ಮರಿ ಹಾಕುವ ಪ್ರಾಣಿ ಅದು. ಮುಖದ ಮೃದುತ್ವಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಆಲಿವ್ ಎಣ್ಣೆ ಶುದ್ಧೀಕರಣದ ಉಳಿಕೆಯಿಂದಲೂ ಸ್ಕ್ವಾಲೇನ್ ಸಿಗುತ್ತಿತ್ತು, ಆದರೆ ಅದು ಫಸಲಿನ ಏರಿಳಿತಕ್ಕೆ ಕಟ್ಟುಬಿದ್ದಿತ್ತು. 2008ರಲ್ಲಿ ಯೂನಿಲಿವರ್, ಲೋರಿಯಾಲ್‌ನಂಥ ಕಂಪನಿಗಳು ಶಾರ್ಕ್ ಎಣ್ಣೆಯನ್ನು ಕೈಬಿಡುವುದಾಗಿ ಹೇಳಿದವು.

ಯೀಸ್ಟ್ ಈ ಕಥೆಗೆ ಬಂದದ್ದು ಮಲೇರಿಯಾದ ಔಷಧಿಯ ಹಿಂದೆ. ಆರ್ಟಿಮಿಸಿನಿನ್ ಎಂಬ ಆ ಔಷಧಿಯ ತಯಾರಿಕೆಗೆ ಬೇಕಾದ ಆಮ್ಲವನ್ನು ಯೀಸ್ಟಿನಿಂದ ಪಡೆಯಬಹುದೆಂದು ಕ್ಯಾಲಿಫೋರ್ನಿಯಾದ ವಿಜ್ಞಾನಿ ಜೇ ಕೀಸ್ಲಿಂಗ್ ತಂಡ 2006ರಲ್ಲಿ ತೋರಿಸಿತು. ಅದೇ ಜೀವರಾಸಾಯನಿಕ ಹಾದಿಯನ್ನು ಸ್ವಲ್ಪ ತಿರುಗಿಸಿದರೆ ಯೀಸ್ಟ್ ಸಕ್ಕರೆ ತಿಂದು ಫಾರ್ನಸೀನ್ ಎಂಬ ಎಣ್ಣೆಯಂಥ ದ್ರವ ಕೊಡುತ್ತದೆ. ಇದರಿಂದ ಡೀಸೆಲ್ ಮಾಡುವ ಆಸೆಯಿಂದ ಅಮೈರಿಸ್ ಕಂಪನಿ ಬ್ರೆಜಿಲಿನ ಬ್ರೋಟಾಸ್‌ನಲ್ಲಿ, ಕಬ್ಬಿನ ಗದ್ದೆಗಳ ನಡುವೆ ಕಾರ್ಖಾನೆ ಕಟ್ಟಿತು. ಇಂಧನದ ದರಕ್ಕೆ ಇಳಿಯುವುದು ಆಗಲಿಲ್ಲ. ಕ್ರೀಮಿನ ದರಕ್ಕೆ ಕಷ್ಟವಾಗಲಿಲ್ಲ. ಫಾರ್ನಸೀನಿನಲ್ಲಿ 15 ಇಂಗಾಲದ ಪರಮಾಣುಗಳಿವೆ. ಎರಡನ್ನು ಬೆಸೆದು ಜಲಜನಕ ತುಂಬಿದರೆ 30 ಇಂಗಾಲದ ಸ್ಕ್ವಾಲೇನ್. ಎಷ್ಟು ಸಲ ಓದಿದರೂ ಈ ಸರಳತೆ ನನಗೆ ಬೆರಗು ತರುತ್ತದೆ.

2023ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ತಂತ್ರ ಉಳಿಯಿತು, ಜೊತೆಗೆ ಪ್ರಶ್ನೆಗಳೂ ಉಳಿದವು. ತೊಟ್ಟಿಯ ಯೀಸ್ಟಿಗೆ ಉಣಿಸುವ ಸಕ್ಕರೆ ನೆಲ, ನೀರು, ಗೊಬ್ಬರ ಕೇಳುತ್ತದೆ. ‘ಸುಸ್ಥಿರ’ ಎಂಬ ಮಾತು ಆ ಗದ್ದೆಯವರೆಗೂ ಹೋಗಬೇಕು. ಎಷ್ಟೋ ಜಾಹೀರಾತುಗಳಲ್ಲಿ ಅದು ತೊಟ್ಟಿಯ ಬಳಿಯೇ ನಿಂತುಬಿಡುತ್ತದೆ.

ಮೂಲ ಪತ್ತೆಹಚ್ಚಲು ದಾರಿ ಇಲ್ಲದಿಲ್ಲ. ಕಬ್ಬು, ಆಲಿವ್, ಶಾರ್ಕ್ ಇವುಗಳಲ್ಲಿ ಇಂಗಾಲದ ಐಸೊಟೋಪುಗಳ, ಅಂದರೆ ತೂಕದಲ್ಲಷ್ಟೇ ಭಿನ್ನವಾದ ಇಂಗಾಲದ ಪರಮಾಣುಗಳ, ಪ್ರಮಾಣ ಬೇರೆ ಬೇರೆ. ಪ್ರಯೋಗಾಲಯ ಅದನ್ನು ಅಳೆಯಬಲ್ಲದು. ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ನೋಡುವವರಿಗೆ ಮಾತ್ರ ಇನ್ನೂ ಆ ಒಂದೇ ಪದ.