ಫ್ಯೂಸ್ ಕೀಳಬೇಡಿ, ಮೊದಲು ಅಳೆಯಿರಿ

ಎರಡು ದಿನ ನಿಲ್ಲಿಸಿದ್ದ ಹಳೆಯ ಪಿಕಪ್ ಮೂರನೇ ಬೆಳಿಗ್ಗೆ ‘ಟಿಕ್’ ಎಂದು ಸುಮ್ಮನಾಗುತ್ತದೆ. ಹೊಸ ಬ್ಯಾಟರಿ ಕೂರಿಸುತ್ತಾರೆ. ಕೆಲವು ವಾರಕ್ಕೆ ಅದೂ ಮಲಗುತ್ತದೆ. ಆಗ ಯಾರೋ ಹೇಳಿದರೆಂದು ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವ ಕೆಲಸ ಶುರುವಾಗುತ್ತದೆ. ಏಳೋ ಎಂಟೋ ಫ್ಯೂಸ್ ಕೀಳುವಷ್ಟರಲ್ಲಿ ನಿಂತ ಗಾಡಿಯಲ್ಲಿ ಬ್ಯಾಟರಿ ಖಾಲಿ ಮಾಡುವ ಕರೆಂಟ್ ಸೋರಿಕೆ ಎಲ್ಲೂ ಕಾಣುವುದಿಲ್ಲ. ಸರಿಹೋಯಿತು ಎಂದುಕೊಂಡು ಬಾನೆಟ್ ಮುಚ್ಚುತ್ತಾರೆ. ನಾಲ್ಕು ದಿನಕ್ಕೆ ಮತ್ತೆ ಅದೇ ಟಿಕ್.

ಅಲ್ಲಿ ಸೋರಿಕೆ ಸರಿಹೋಗಿರಲಿಲ್ಲ, ಅದರ ಗುರುತು ಅಳಿಸಿಹೋಗಿತ್ತು. ಗಾಡಿ ಬಿಚ್ಚುವವರಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೊಂದೇ, ಹಾಗಾಗಿ ಇದನ್ನೇ ಬಿಡಿಸಿ ಹೇಳುತ್ತೇನೆ.

ನಿಂತ ಗಾಡಿಯಲ್ಲಿ ಕರೆಂಟ್ ಕುಡಿಯುತ್ತಿರುವುದು ಹಲವು ಸಲ ಅಂಟಿಕೊಂಡ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಅಥವಾ ನಿದ್ದೆಗೆ ಜಾರದ ಅಲಾರಂ, ಸೆಂಟ್ರಲ್ ಲಾಕ್ ಪೆಟ್ಟಿಗೆ. ರಿಲೇಯೊಳಗಿನ ಪಾಯಿಂಟ್ ಸುಟ್ಟು ಅಂಟಿಕೊಂಡಿದ್ದರೆ, ಪಕ್ಕದ ಫ್ಯೂಸ್ ಎಳೆಯುವ ಅಲುಗಾಟಕ್ಕೇ ಬಿಟ್ಟುಕೊಳ್ಳಬಹುದು. ಕರೆಂಟ್ ನಿಂತು ತಣ್ಣಗಾದಾಗಲೂ ಬಿಟ್ಟುಕೊಳ್ಳಬಹುದು. ಅಲಾರಂ ಪೆಟ್ಟಿಗೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ, ಫ್ಯೂಸ್ ಕಿತ್ತು ಮತ್ತೆ ಹಾಕಿದ ಕೂಡಲೇ ಹೊಸದಾಗಿ ಎದ್ದು, ಕೆಲಸ ಮುಗಿಸಿ, ಸರಿಯಾಗಿ ಮಲಗುತ್ತದೆ. ಎರಡರಲ್ಲೂ ದೋಷ ಇದ್ದಲ್ಲೇ ಇದೆ, ನಿಮ್ಮ ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಮೀಟರ್ ಸೇರಿಸಿದರೂ ಇದೇ ಕಥೆ. ಒಂದು ಕ್ಷಣ ಕರೆಂಟ್ ಕಡಿದರೂ ಗಾಡಿ ‘ಮೊದಲಿಂದ’ ಶುರುಮಾಡಿಕೊಳ್ಳುತ್ತದೆ. ಆದ್ದರಿಂದ ಕರೆಂಟ್ ಕಡಿಯದೆ ಅಳೆಯಬೇಕು.

ಎಲ್ಲಕ್ಕಿಂತ ಸುಲಭ ಡಿಸಿ ಕರೆಂಟ್ ಅಳೆಯುವ, ಮಿಲಿಆಂಪ್ (ಆಂಪಿನ ಸಾವಿರದ ಒಂದು ಭಾಗ) ಮಟ್ಟದ, ವೈರ್ ಬಿಚ್ಚದೆ ಅದರ ಸುತ್ತ ಕಚ್ಚಿಸುವ ಕ್ಲ್ಯಾಂಪ್ ಮೀಟರ್. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಉಪಯೋಗಕ್ಕೆ ಬಾರದು. ನೆಗೆಟಿವ್ ಕೇಬಲ್ ಪಕ್ಕದಲ್ಲೇ, ಹಿಡಿಯುವ ದಿಕ್ಕಿನಲ್ಲೇ ಹಿಡಿದು ಸೊನ್ನೆ ಮಾಡಿಕೊಳ್ಳಿ. ಭೂಮಿಯ ಕಾಂತತೆಯೇ ಕೆಲವು ಮಿಲಿಆಂಪ್ ತೋರಿಸಿಬಿಡುತ್ತದೆ. ನೆಗೆಟಿವ್ ಟರ್ಮಿನಲ್‌ಗೆ ಎಂಜಿನ್‌ಗೊಂದು ದಪ್ಪ, ಬಾಡಿಗೊಂದು ಸಣ್ಣ ಎಂದು ಎರಡು ವೈರ್ ಇದ್ದರೆ ಎರಡನ್ನೂ ಒಟ್ಟಿಗೆ ಒಳಗೆ ಹಿಡಿಯಬೇಕು.

ಸಾಮಾನ್ಯ ಮಲ್ಟಿಮೀಟರ್ ಮಾತ್ರ ಇದ್ದರೆ ನೆಗೆಟಿವ್ ಟರ್ಮಿನಲ್‌ಗೆ ಕಟ್‌ಆಫ್ ಸ್ವಿಚ್ ಹಾಕಿ. ಅದನ್ನು ಹಾಕುವಾಗ ಕರೆಂಟ್ ಕಡಿದು ಅಡಗಿದ ದೋಷ ಮತ್ತೆ ಹೊರಬರಲೆಂದು, ಸ್ವಿಚ್ ಆನ್ ಇಟ್ಟೇ ಗಾಡಿ ಸ್ವಲ್ಪ ಓಡಿಸಿ ಬನ್ನಿ, ಕೀಲಿ ತೆಗೆಯಿರಿ, ಬಾಗಿಲು ಮುಚ್ಚಿ. ಆಮೇಲೆ ಮೀಟರ್‌ನ ಕೆಂಪು ವೈರನ್ನು 10 ಆಂಪ್ ಸಾಕೆಟ್‌ಗೆ ಹಾಕಿ, ಎರಡು ಪ್ರೋಬ್‌ಗಳನ್ನು ಸ್ವಿಚ್‌ನ ಎರಡೂ ತುದಿಗೆ ಕ್ಲಿಪ್ ಮಾಡಿ, ಆಮೇಲೆ ಸ್ವಿಚ್ ಆಫ್ ಮಾಡಿ. ಕರೆಂಟ್ ಕಡಿಯದೆ ಮೀಟರ್ ಮೂಲಕ ಹರಿಯತೊಡಗುತ್ತದೆ. ಎಂಜಿನ್ ಓಡುವಾಗ ಈ ಸ್ವಿಚ್ ಎಂದೂ ಆಫ್ ಮಾಡಬಾರದು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಳಾಗಬಹುದು. ಮೀಟರ್ ಸೇರಿಸಿ ಸ್ವಿಚ್ ಆಫ್ ಇರುವಾಗ ಕೀಲಿ ತಿರುಗಿಸಿದರೆ ಮೀಟರ್‌ನ ಫ್ಯೂಸ್ ಹಾರುತ್ತದೆ. ಇನ್ನೂ ಕೆಲವರು ಆಂಪ್ ಸಾಕೆಟ್‌ನಲ್ಲಿರುವ ಪ್ರೋಬ್‌ಗಳನ್ನು ಬ್ಯಾಟರಿಯ ಪ್ಲಸ್ಸಿಗೂ ಮೈನಸ್ಸಿಗೂ ನೇರವಾಗಿ ಇಡುತ್ತಾರೆ. ಅದು ಅಳತೆಯಲ್ಲ, ಶಾರ್ಟ್ ಸರ್ಕ್ಯೂಟ್.

ಸ್ವಿಚ್ ಆಫ್ ಮಾಡಿದ ಕೂಡಲೇ ಕಾಣುವ ಅಂಕಿಯನ್ನು ಬರೆದುಕೊಳ್ಳಬೇಡಿ. ಎಲೆಕ್ಟ್ರಾನಿಕ್ಸ್ ಇಲ್ಲದ ಗಾಡಿ ಕೆಲವೇ ಸೆಕೆಂಡಿನಲ್ಲಿ ಶಾಂತವಾಗುತ್ತದೆ. ಅಲಾರಂ, ಸೆಂಟ್ರಲ್ ಲಾಕ್ ಇದ್ದರೆ 20ರಿಂದ 30 ನಿಮಿಷ, ಕೆಲವಕ್ಕೆ ಒಂದು ಗಂಟೆಯೂ ಬೇಕು. ಮಧ್ಯೆ ಬಾಗಿಲು ತೆಗೆದರೆ ಮತ್ತೆ ಮೊದಲಿಂದ ಎಣಿಸಬೇಕು. ಫ್ಯೂಸ್ ಪೆಟ್ಟಿಗೆ ಒಳಗಿದ್ದರೆ ಮೊದಲೇ ಬಾಗಿಲು ತೆರೆದಿಟ್ಟು, ಬಾಗಿಲಿನ ಲಾಕ್ ನಾಲಿಗೆಯನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಸ್ಥಿತಿಗೆ ತಳ್ಳಿಬಿಡಿ. ಬಾಗಿಲ ಸ್ವಿಚ್ ಕಂಬದಲ್ಲಿ ಬೇರೆಯಾಗಿದ್ದರೆ ಅದನ್ನು ಒತ್ತಿ ಟೇಪ್ ಹಾಕಿ.

ಹಳೆಯ ಪಿಕಪ್‌ಗೆ 20ರಿಂದ 50 ಮಿಲಿಆಂಪ್‌ವರೆಗೆ ಸಹಜ, ಗಡಿಯಾರಕ್ಕೂ ಸ್ಟೀರಿಯೋ ನೆನಪಿಗೂ ಅಷ್ಟು ಬೇಕು. 60 ಆಂಪ್-ಅವರ್ ಬ್ಯಾಟರಿಯನ್ನು 50 ಮಿಲಿಆಂಪ್ ಅರ್ಧಕ್ಕೆ ಇಳಿಸಲು 25 ದಿನ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಅಂಕಿಯೇ ಸುಳಿವು ಕೊಡುತ್ತದೆ. 150 ಮಿಲಿಆಂಪ್ ಆಸುಪಾಸು ಇದ್ದರೆ ಎಲ್ಲೋ ಒಂದು ರಿಲೇಯ ಕಾಯಿಲ್ (ಒಳಗಿನ ತಂತಿ ಸುರುಳಿ) ಎಳೆದುಕೊಂಡೇ ಇರಬಹುದು. 400 ಮಿಲಿಆಂಪ್ ಎಂದರೆ 5 ವಾಟ್‌ನ ಒಂದು ಬಲ್ಬ್: ಗ್ಲೋವ್ ಬಾಕ್ಸ್, ಬಾನೆಟ್ ಅಡಿ, ಹಿಂದಿನ ಲೋಡ್ ಬಾಡಿ ನೋಡಿ. ಮೂರೂವರೆ ಆಂಪ್ ಇದ್ದರೆ ಮೊದಲು ಗಾಡಿಯ ಹಿಂದೆ ಹೋಗಿ ನಿಲ್ಲಿ. 21 ವಾಟ್‌ನ ಎರಡು ಬ್ರೇಕ್ ಲೈಟ್ ಅಷ್ಟೇ ಕುಡಿಯುತ್ತವೆ. ಹಳೆಯ ಗಾಡಿಗಳಲ್ಲಿ ಬ್ರೇಕ್ ಪೆಡಲ್ ಸ್ವಿಚ್ಚನ್ನು ಒತ್ತುವ ಸಣ್ಣ ರಬ್ಬರ್ ಬಿಲ್ಲೆ ಪುಡಿಯಾಗಿ ಉದುರಿ, ಸ್ವಿಚ್ಚಿನ ಕಡ್ಡಿ ಆ ತೂತಿನಲ್ಲಿ ತೂರಿ, ಹಗಲಲ್ಲಿ ಯಾರ ಕಣ್ಣಿಗೂ ಬೀಳದಂತೆ ಲೈಟ್ ಉರಿಯುತ್ತಲೇ ಇರುತ್ತದೆ. ಪೆಡಲ್ ಕೆಳಗಿನ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಅಥವಾ ರಬ್ಬರ್ ಚೂರು ಸಿಕ್ಕರೆ ಮೀಟರ್ ಬೇಕಿಲ್ಲ.

ಈಗ ಯಾವ ಸರ್ಕ್ಯೂಟ್ ಎಂದು ಹುಡುಕಬೇಕು, ಫ್ಯೂಸ್ ಕೀಳದೆಯೇ. ಬ್ಲೇಡ್ ಫ್ಯೂಸ್‌ನ ತಲೆಯ ಮೇಲೆ ಲೋಹ ಕಾಣುವ ಎರಡು ಸಣ್ಣ ಕಿಂಡಿಗಳಿರುತ್ತವೆ. ಸ್ವಿಚ್ ಮತ್ತೆ ಆನ್ ಮಾಡಿ, ಮೀಟರ್ ಬಿಚ್ಚಿ, ಪ್ರೋಬ್ ವೈರನ್ನು ವೋಲ್ಟ್ ಸಾಕೆಟ್‌ಗೆ ಬದಲಿಸಿ, ಡಿಸಿ ಮಿಲಿವೋಲ್ಟ್‌ಗೆ ಇಟ್ಟು ಆ ಎರಡು ಕಿಂಡಿಗೆ ಎರಡು ಪ್ರೋಬ್ ಮುಟ್ಟಿಸಿ. ಫ್ಯೂಸ್ ಕೂಡ ಒಂದು ಸಣ್ಣ ರೆಸಿಸ್ಟರ್. ಕರೆಂಟ್ ಹರಿಯುತ್ತಿದ್ದರೆ ಮಾತ್ರ ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ಕಾಣುತ್ತದೆ. 10 ಆಂಪ್ ಫ್ಯೂಸ್‌ನಲ್ಲಿ 100 ಮಿಲಿಆಂಪ್ ಹರಿದರೆ ಸುಮಾರು 0.7 ಮಿಲಿವೋಲ್ಟ್, 20 ಆಂಪ್ ಫ್ಯೂಸ್‌ನಲ್ಲಿ ಸುಮಾರು 0.3. ಅಂಕಿ ಚಿಕ್ಕದು, ಆದರೆ 0.1 ತೋರಿಸುವ ಮೀಟರ್‌ಗೆ ಸಾಕು. ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ 0.0 ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಗಾಜಿನ ಫ್ಯೂಸ್ ಇರುವ ತೀರ ಹಳೆಯ ಗಾಡಿಯಲ್ಲಿ ಫ್ಯೂಸ್‌ನ ಲೋಹದ ಟೋಪಿಗೇ ಪ್ರೋಬ್ ಒತ್ತಿ. ಹಿಡಿಯುವ ಕ್ಲಿಪ್‌ಗೆ ಇಟ್ಟರೆ ಅಲ್ಲಿನ ಕಿಲುಬು ಸುಳ್ಳು ಅಂಕಿ ಕೊಡುತ್ತದೆ.

ಅಂಕಿ ತೋರಿದ ಫ್ಯೂಸ್ ಏನೇನಕ್ಕೆ ಹೋಗುತ್ತದೆಂದು ವೈರಿಂಗ್ ನಕ್ಷೆಯಲ್ಲಿ ನೋಡಿ. ರಿಲೇಗಳ ಮೇಲೆ ಬೆರಳಿಡಿ: ಗಂಟೆಗಟ್ಟಲೆ ನಿಂತ ಗಾಡಿಯಲ್ಲಿ ಒಂದೇ ಒಂದು ರಿಲೇ ಬೆಚ್ಚಗಿದ್ದರೆ ಅದನ್ನೇ ಹಿಡಿಯಿರಿ. ಡೀಸೆಲ್ ಗಾಡಿಯ ಗ್ಲೋ ಪ್ಲಗ್ (ಸ್ಟಾರ್ಟ್ ಮಾಡಲು ಎಂಜಿನ್ ಒಳಗೆ ಬಿಸಿ ಮಾಡುವ ಕಡ್ಡಿ) ರಿಲೇ ಅಂಟಿಕೊಂಡರೆ ಹತ್ತಾರು ಆಂಪ್ ಹರಿಯುತ್ತದೆ, ಆ ಅನುಮಾನ ಇದ್ದಾಗ 10 ಆಂಪ್ ಮೀಟರ್ ಸೇರಿಸಲೇಬೇಡಿ.

ಎಲ್ಲಾ ಫ್ಯೂಸ್‌ನಲ್ಲೂ ಸೊನ್ನೆ, ಸೋರಿಕೆ ಮಾತ್ರ ಇದೆ ಎಂದರೆ ಬ್ಯಾಟರಿಯನ್ನು ಬೈಯಬೇಡಿ. ಆಲ್ಟರ್ನೇಟರ್‌ನ ದಪ್ಪ ವೈರ್ ಫ್ಯೂಸ್ ಪೆಟ್ಟಿಗೆಗೆ ಹೋಗದೆ ನೇರ ಬ್ಯಾಟರಿಗೆ ಬರುವುದೇ ಹೆಚ್ಚು. ಅದರೊಳಗಿನ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸೋರಿದರೂ ರಾತ್ರಿಯಿಡೀ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಬೆಳಿಗ್ಗೆ, ಎಂಜಿನ್ ಮುಟ್ಟುವ ಮೊದಲು, ಆಲ್ಟರ್ನೇಟರ್ ಮೈ ಮೇಲೆ ಅಂಗೈ ಇಡಿ. ಸುತ್ತಲಿನ ಕಬ್ಬಿಣ ತಣ್ಣಗಿದ್ದು ಅದೊಂದು ಬೆಚ್ಚಗಿದ್ದರೆ ಡಯೋಡ್ ಹೋಗಿದೆ ಎಂದೇ ಲೆಕ್ಕ. ಕಡಿಮೆ ಸೋರಿಕೆಯಲ್ಲಿ ಬಿಸಿ ತಿಳಿಯದಿರಬಹುದು, ಆಗ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರ್‌ನ ದಪ್ಪ ವೈರ್ ತೆಗೆದು ತುದಿಗೆ ಟೇಪ್ ಸುತ್ತಿ, ನೆಗೆಟಿವ್ ಮತ್ತೆ ಸೇರಿಸಿ ಅಳೆಯಿರಿ. ಇಲ್ಲಿ ಕರೆಂಟ್ ಕಡಿಯಲೇಬೇಕು, ಆದರೆ ಸುಟ್ಟ ಡಯೋಡ್ ಕರೆಂಟ್ ಕಡಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಬಿಸಿಯಾದಾಗ ಮಾತ್ರ ಸೋರುವ ಡಯೋಡ್‌ಗಳೂ ಇವೆ, ಹಾಗಾಗಿ ಎಂಜಿನ್ ನಿಲ್ಲಿಸಿದ ಕೂಡಲೇ ಒಮ್ಮೆ, ಆರಿದ ಮೇಲೆ ಒಮ್ಮೆ ನೋಡುವುದು ಒಳ್ಳೆಯದು.

ಫ್ಯೂಸ್ ಪೆಟ್ಟಿಗೆಗೆ ಸೇರದ ಇನ್ನೊಂದು ಗುಂಪೂ ಇದೆ: ಹೊರಗಿನವರು ಬ್ಯಾಟರಿಗೇ ನೇರ ಜೋಡಿಸಿದ ಹಾರ್ನ್, ಫಾಗ್ ಲೈಟ್, ಆಂಪ್ಲಿಫೈಯರ್, ಜಿಪಿಎಸ್. ಪ್ಲಸ್ ಟರ್ಮಿನಲ್‌ನಲ್ಲಿ ಎಷ್ಟು ಸಣ್ಣ ವೈರ್ ಕಟ್ಟಿದ್ದಾರೆಂದು ಎಣಿಸಿ, ಒಂದೊಂದರ ತುದಿ ಎಲ್ಲಿಗೆ ಹೋಗಿದೆ ಎಂದು ಕೈಯಲ್ಲೇ ಹಿಡಿದು ಹೋಗಿ. ಸ್ಟೀರಿಯೋದ ಹಳದಿ ವೈರ್ ಸದಾ ಕರೆಂಟ್‌ಗೆ, ಕೆಂಪು ಕೀಲಿಗೆ. ಎರಡನ್ನೂ ಒಟ್ಟಿಗೆ ಸೇರಿಸಿ ಸುತ್ತಿಬಿಟ್ಟಿದ್ದರೆ ಅದು ಮಲಗುವುದೇ ಇಲ್ಲ.

ದೋಷ ತೆಗೆದ ಮೇಲೆ ಬ್ಯಾಟರಿಯನ್ನು ಚಾರ್ಜರ್‌ನಲ್ಲಿ ಪೂರ್ತಿ ತುಂಬಿ. ಹೆಡ್‌ಲೈಟ್ ಎರಡು ನಿಮಿಷ ಉರಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ವೋಲ್ಟೇಜ್ ಬರೆದುಕೊಳ್ಳಿ. 12.6 ಇರಬೇಕು. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಮತ್ತೆ ನೋಡಿ. ಸೋರಿಕೆ 30 ಮಿಲಿಆಂಪ್‌ಗೆ ಇಳಿದಿದ್ದೂ ವೋಲ್ಟೇಜ್ ರಾತ್ರಿಯಲ್ಲಿ 12.3ಕ್ಕೆ ಬಿದ್ದಿದ್ದರೆ, ಆಗ ಬ್ಯಾಟರಿಯ ಮೇಲೆ ಲೋಡ್ ಟೆಸ್ಟ್ (ದೊಡ್ಡ ಕರೆಂಟ್ ಎಳೆದು ನೋಡುವ ಪರೀಕ್ಷೆ) ಮಾಡಿಸಿ.