ಮ್ಯಾಗಜೀನ್ ಹಟ ಹಿಡಿದಾಗ

ಅಗಲದ ರೋಲ್ ಫಿಲ್ಮ್ ಬಳಸುವ ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಕೈಗೆ ಬಂದವರಿಗೆ ಮೊದಲು ಸಿಗುವ ಉಪದೇಶ 'ಇದಕ್ಕೆಲ್ಲ ಕೈಗುಣ ಬೇಕು' ಎಂಬುದು. ಫಿಲ್ಮ್ ಮ್ಯಾಗಜೀನ್ (ಫಿಲ್ಮ್ ತುಂಬಿ ಹಿಂಬದಿಗೆ ಸಿಕ್ಕಿಸುವ ಪೆಟ್ಟಿಗೆ) ಕ್ಯಾಮೆರಾ ಬಾಡಿಯ ಮೇಲೆ ಕೂರುತ್ತಿಲ್ಲ, ಕೂತದ್ದು ಬಿಡುತ್ತಿಲ್ಲ, ಎರಡೂ ಸರಿಹೋದರೂ ಶಟರ್ ಗುಂಡಿ ಮಿಸುಕುತ್ತಿಲ್ಲ ಎಂದು ದೂರಿದರೆ ಒಬ್ಬರು ಮೆಲ್ಲಗೆ ತಟ್ಟು ಎನ್ನುತ್ತಾರೆ, ಇನ್ನೊಬ್ಬರು ಒಂದು ಹನಿ ಎಣ್ಣೆ ಬಿಡು ಎನ್ನುತ್ತಾರೆ, ಮತ್ತೊಬ್ಬರು ಒಂದು ರಾತ್ರಿ ಸುಮ್ಮನೆ ಇಡು, ತಾನೇ ಸರಿಹೋಗುತ್ತದೆ ಎನ್ನುತ್ತಾರೆ. ಮೂರೂ ತಾಯಿತ ಕಟ್ಟುವ ಜಾತಿಯ ಸಲಹೆಗಳೇ. ಎಣ್ಣೆಯದಂತೂ ಹಾನಿಯ ಸಲಹೆ. ಅದು ಬಿಟ್ಟ ಜಾಗದಲ್ಲಿ ನಿಲ್ಲುವುದಿಲ್ಲ, ದೂಳು ಹಿಡಿಯುತ್ತದೆ, ಫಿಲ್ಮಿಗೂ ತಗಲುತ್ತದೆ. ಹೆಚ್ಚಿನ ಸಲ ಮ್ಯಾಗಜೀನ್ ಕೆಟ್ಟಿರುವುದೇ ಇಲ್ಲ. ಹೇಳಿಕೊಟ್ಟ ಕೆಲಸವನ್ನೇ ಮಾಡುತ್ತಿರುತ್ತದೆ: ಬೇಡ ಎನ್ನುತ್ತಿರುತ್ತದೆ.

ಹ್ಯಾಸೆಲ್‌ಬ್ಲಾಡ್ 500 ಸಾಲಿನ ಕ್ಯಾಮೆರಾವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಮಾಮಿಯಾ ಆರ್‌ಬಿ67, ಬ್ರಾನಿಕಾಗಳಲ್ಲಿ ಗುಂಡಿಗಳ ಜಾಗ ಬೇರೆ, ತರ್ಕ ಬಹುಪಾಲು ಇದೇ. ಮ್ಯಾಗಜೀನ್‌ನ ಮುಂಭಾಗದಲ್ಲಿ, ಫಿಲ್ಮಿಗೆ ಎದುರಾಗಿ, ಡಾರ್ಕ್ ಸ್ಲೈಡ್ ಎಂಬ ತೆಳ್ಳನೆಯ ಉಕ್ಕಿನ ತಗಡು ಜಾರುತ್ತದೆ. ತಗಡು ಒಳಗಿದ್ದರೆ ಫಿಲ್ಮ್ ಕತ್ತಲಲ್ಲಿರುತ್ತದೆ. ಆಗ ಮ್ಯಾಗಜೀನ್ ಕಳಚಬಹುದು, ಚಿತ್ರ ತೆಗೆಯಲಾಗದು. ತಗಡು ಹೊರಗಿದ್ದರೆ ಚಿತ್ರ ತೆಗೆಯಬಹುದು, ಮ್ಯಾಗಜೀನ್ ಕಳಚಲಾಗದು. ಒಂದಕ್ಕೆ ಹೌದಾದರೆ ಇನ್ನೊಂದಕ್ಕೆ ಇಲ್ಲ, ಎಂದಿಗೂ ಎರಡಕ್ಕೂ ಹೌದಿಲ್ಲ. ಇದಕ್ಕೆ ಬ್ಯಾಟರಿ ಇಲ್ಲ, ಸರ್ಕ್ಯೂಟ್ ಇಲ್ಲ. ಬೇಕಿರುವುದು ತಗಡಿನ ಅಂಚು ಒಳಗೆ ಹೋಗಿ ಒತ್ತುವ ಪುಟ್ಟ ಲೋಹದ ತುಂಡುಗಳು ಮಾತ್ರ.

ಈ ಉಪಾಯದ ವಂಶ ಕ್ಯಾಮೆರಾಗಳಿಗಿಂತ ರೈಲಿಗೆ ಹತ್ತಿರ. 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಹಳಿ ಬದಲಿಸುವ ಪಾಯಿಂಟ್‌ಗಳಿಗೂ ಸಿಗ್ನಲ್‌ಗೂ ನಂಟು ಬೆಸೆಯುವ ಇಂಟರ್‌ಲಾಕಿಂಗ್‌ಗೆ ಪೇಟೆಂಟ್ ಪಡೆದ. ಸಿಗ್ನಲ್‌ಮನ್ ಎಷ್ಟೇ ದಣಿದಿರಲಿ, ಎಷ್ಟೇ ಅವಸರದಲ್ಲಿರಲಿ, ಪಾಯಿಂಟ್ ಒಂದು ಕಡೆಗಿದ್ದು ಸಿಗ್ನಲ್ ಮತ್ತೊಂದು ಕಡೆಗೆ ದಾರಿ ತೋರಿಸುವಂತೆ ಸನ್ನೆಕೋಲು ಎಳೆಯಲು ಅವನಿಂದ ಆಗುತ್ತಲೇ ಇರಲಿಲ್ಲ. 1937ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ರಿಲೇಗಳನ್ನು, ಅಂದರೆ ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್‌ಗಳನ್ನು, ಹೌದು-ಇಲ್ಲಗಳ ಲೆಕ್ಕವಾದ ಬೂಲಿಯನ್ ಬೀಜಗಣಿತದಲ್ಲಿ ಬರೆಯಬಹುದೆಂದು ತೋರಿಸಿದ. ಇಂದಿನ ಕಂಪ್ಯೂಟರಿನ ಒಳಗೆ ನಡೆಯುವುದೂ ಅದೇ ಲೆಕ್ಕ. ಡಾರ್ಕ್ ಸ್ಲೈಡ್ ಅದೇ ಬೀಜಗಣಿತದ ಒಂದೇ ಒಂದು ಸಾಲು. ಸಿಗ್ನಲ್ ಸನ್ನೆಕೋಲು ಬಗ್ಗದಿದ್ದಾಗ ಸುತ್ತಿಗೆ ತರಬೇಕೆಂದು ಯಾರಿಗೂ ಅನಿಸುವುದಿಲ್ಲ. ಕ್ಯಾಮೆರಾ ವಿಷಯಕ್ಕೆ ಬಂದರೆ ಮಾತ್ರ ನಮಗೆ ಬಲ ನೆನಪಾಗುತ್ತದೆ.

ಹಾಗಾಗಿ ಮ್ಯಾಗಜೀನ್ ಬಿಡದಿದ್ದರೆ ಮೊದಲು ನೋಡಬೇಕಾದದ್ದು ತಗಡಿನ ಕೊನೆಯ ಎರಡು ಮೂರು ಮಿಲಿಮೀಟರ್. ಒಳಗೆ ಹೋದಂತೆ ಕಾಣುವುದು ಬೇರೆ, ತುದಿಯವರೆಗೆ ಕೂರುವುದು ಬೇರೆ. ಪೂರ್ತಿ ತಳ್ಳಿ, ಮ್ಯಾಗಜೀನ್ ಮೇಲಿನ ಗುಂಡಿಯನ್ನು ಬಲಕ್ಕೆ ಸರಿಸಿ. ಆಗಲೂ ಬಿಡದಿದ್ದರೆ ತಗಡನ್ನು ಹೊರತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ; ಬಾಗಿದ್ದರೆ ಅಥವಾ ಮೂಲೆ ಮಡಚಿದ್ದರೆ ಒತ್ತಬೇಕಾದ ತುಂಡನ್ನು ಅದು ಸರಿಯಾಗಿ ಒತ್ತುವುದಿಲ್ಲ. ಶಟರ್ ಗುಂಡಿ ಅಲುಗದಿದ್ದರೆ ಕಾರಣ ಇದರ ತದ್ವಿರುದ್ಧ: ತಗಡು ಇನ್ನೂ ಒಳಗೇ ಇದೆ. ಇದನ್ನು ಮರೆಯದ ಛಾಯಾಗ್ರಾಹಕರಿಲ್ಲ.

ಕೂರಿಸುವುದಕ್ಕೂ ಒಂದು ಕ್ರಮವಿದೆ. ಬಾಡಿಯ ಹಿಂಬದಿಯ ಕೆಳಅಂಚಿನಲ್ಲಿ ಎರಡು ಆಧಾರಗಳಿವೆ. ಮ್ಯಾಗಜೀನ್‌ನ ತಳ ಮೊದಲು ಅವುಗಳ ಮೇಲೆ ಕೂರಬೇಕು, ನಂತರ ಅದನ್ನು ಮುಂದಕ್ಕೆ ವಾಲಿಸಿ ಮೇಲಿನ ಕೊಕ್ಕೆಗಳು ಸೀಳುಗಳೊಳಗೆ ಹೋಗುವಂತೆ ಮಾಡಬೇಕು. ಗುಂಡಿಯನ್ನು ಬಲಕ್ಕೆ ಹಿಡಿದುಕೊಂಡೇ ಒತ್ತಿ, ಆಮೇಲೆ ಬಿಡಬೇಕು. ತಳ ಒಂದು ಕಡೆ ಮಾತ್ರ ಕೂತಿರುವಾಗ ಮೇಲೆ ಒತ್ತುವುದು, ಬಾಗಿಲು ತಿರುಗಣೆಯಿಂದ ಜಾರಿರುವಾಗ ಚಿಲಕ ಹಾಕಲು ಹೆಣಗಿದಂತೆ. ಇನ್ನೊಂದು ಅಡ್ಡಿ ಗೇರ್. ಬಾಡಿಯ ಪುಟ್ಟ ಗೇರ್ ಮ್ಯಾಗಜೀನ್‌ನ ಗೇರಿಗೆ ಕಚ್ಚಿಕೊಂಡು ಫಿಲ್ಮ್ ಸುತ್ತುತ್ತದೆ. ಹಲ್ಲಿನ ತುದಿಗೆ ಹಲ್ಲಿನ ತುದಿ ತಾಗಿದರೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ತೆಗೆದು ಮತ್ತೆ ಕೂರಿಸಿ, ಒತ್ತಬೇಡಿ.

ಬಾಡಿಯ ಮೇಲೊಂದು, ಮ್ಯಾಗಜೀನ್ ಮೇಲೊಂದು ಪುಟ್ಟ ಕಿಂಡಿ ಇದೆ. ಎರಡೂ ಬಿಳಿಯಾಗಿದ್ದರೆ ಎರಡೂ ಸಿದ್ಧ. ಕೆಂಪಾದರೆ ಚಿತ್ರ ತೆಗೆದಾಗಿದೆ, ಬಾಡಿಯ ಪಕ್ಕದ ಹಿಡಿಯನ್ನು ಇನ್ನೂ ಸುತ್ತಿಲ್ಲ. ಬಾಡಿ ಬಿಳಿ, ಮ್ಯಾಗಜೀನ್ ಕೆಂಪು ಇರುವಾಗ ಕ್ಲಿಕ್ಕಿಸಿದರೆ ಹಳೆಯ ಚಿತ್ರದ ಮೇಲೆ ಹೊಸ ಚಿತ್ರ ಬೀಳುತ್ತದೆ. ಬಾಡಿ ಕೆಂಪು, ಮ್ಯಾಗಜೀನ್ ಬಿಳಿ ಇರುವಾಗ ಸುತ್ತಿದರೆ ಒಂದು ಫ್ರೇಮ್ ಖಾಲಿ ಹೋಗುತ್ತದೆ. ಮೊದಲನೆಯದಕ್ಕೆ ಮದ್ದು: ಮ್ಯಾಗಜೀನ್ ತೆಗೆದು ಬಾಡಿಯನ್ನು ಒಮ್ಮೆ ಕ್ಲಿಕ್ಕಿಸಿ ಕೆಂಪು ಮಾಡಿ, ಜೋಡಿಸಿ, ಒಟ್ಟಿಗೆ ಸುತ್ತಿ. ಎರಡನೆಯದಕ್ಕೆ: ಬಾಡಿಯನ್ನು ಒಂಟಿಯಾಗಿ ಸುತ್ತಿ, ಆಮೇಲೆ ಜೋಡಿಸಿ. ಇಲ್ಲಿ ಕ್ಯಾಮೆರಾ ತಡೆಯುವುದಿಲ್ಲ, ಬಣ್ಣ ತೋರಿಸಿ ಸುಮ್ಮನಾಗುತ್ತದೆ. ತಗಡಿನ ತಪ್ಪಿಗೆ ಬೀಗ, ಸುತ್ತುವ ತಪ್ಪಿಗೆ ಬರೀ ಸೂಚನೆ. ನನಗೆ ಇದು ಬಹಳ ಹಿಡಿಸಿದ ವಿವೇಕ. ಎಲ್ಲಕ್ಕೂ ಬೀಗ ಹಾಕಿದ್ದರೆ ಬೇಕೆಂದೇ ಎರಡು ಚಿತ್ರ ಒಂದರ ಮೇಲೊಂದು ತೆಗೆಯುವವರಿಗೆ ದಾರಿಯೇ ಇರುತ್ತಿರಲಿಲ್ಲ.

ಕಳಚುವ ಮ್ಯಾಗಜೀನ್‌ಗೆ ಇಷ್ಟು ಕಸರತ್ತು ಏಕೆ? ಸ್ವೀಡನ್ನಿನ ವಿಕ್ಟರ್ ಹ್ಯಾಸೆಲ್‌ಬ್ಲಾಡ್ 1948ರಲ್ಲಿ ತನ್ನ 1600ಎಫ್ ಮಾದರಿಯನ್ನು ನ್ಯೂಯಾರ್ಕಿನಲ್ಲಿ ಬಿಡುಗಡೆ ಮಾಡಿದಾಗ ಅದರ ಹೆಗ್ಗಳಿಕೆಯೇ ಅದು: ರೋಲ್ ಅರ್ಧಕ್ಕೆ ಬಂದಾಗ ಬಣ್ಣದ ಫಿಲ್ಮಿನಿಂದ ಕಪ್ಪು ಬಿಳುಪಿಗೆ ಜಿಗಿಯಬಹುದು. ಅದರ ಅತಿ ದೊಡ್ಡ ಪ್ರಯೋಜನ ಕಂಡದ್ದು ಚಂದ್ರನ ಮೇಲೆ. ತೂಕ ಉಳಿಸಲೆಂದು ಅಪೊಲೊ ಯಾತ್ರಿಗಳು ಕ್ಯಾಮೆರಾ ಬಾಡಿಗಳನ್ನು ಅಲ್ಲೇ ಬಿಟ್ಟು 70 ಮಿಲಿಮೀಟರ್ ಫಿಲ್ಮಿನ ಮ್ಯಾಗಜೀನ್‌ಗಳನ್ನಷ್ಟೇ ತಂದರು. ಚಂದ್ರಯಾನವೇ ಸುಳ್ಳು ಎನ್ನುವವರು ಆ ಚಿತ್ರಗಳ ಮೇಲಿನ ಪ್ಲಸ್ ಗುರುತುಗಳನ್ನು ತೋರಿಸಿ, ಕೆಲವೆಡೆ ಅವು ವಸ್ತುಗಳ ಹಿಂದೆ ಹೋಗಿವೆ, ಅಂಟಿಸಿದ ಚಿತ್ರ ಎನ್ನುತ್ತಾರೆ. ಗುರುತುಗಳಿದ್ದದ್ದು ಬಾಡಿಯಲ್ಲಿ, ಫಿಲ್ಮಿನ ಮುಂದಿದ್ದ ಗಾಜಿನ ಫಲಕದ ಮೇಲೆ. ತೀರಾ ಬೆಳಗಿದ ಬಿಳಿ ಭಾಗದ ಬೆಳಕು ಫಿಲ್ಮಿನೊಳಗೆ ಪಕ್ಕಕ್ಕೆ ಹರಡಿ ತೆಳು ಗೆರೆಯನ್ನು ನುಂಗುತ್ತದೆ. ಅದಕ್ಕೇ ಗುರುತು ಮಾಯವಾಗುವುದು ಬಿಳಿ ವಸ್ತುಗಳ ಮೇಲೆ.

ಬೀಗಕ್ಕೂ ಸೂಚನೆಗೂ ಸಿಗದ ಒಂದು ದೋಷ ಉಳಿಯುತ್ತದೆ. ಮ್ಯಾಗಜೀನ್ ಸರಿಯಾಗಿ ಕೂತಿದೆ, ಬಣ್ಣಗಳೂ ಹೊಂದಿವೆ, ಆದರೂ ಫಿಲ್ಮ್ ತೊಳೆದಾಗ ಫ್ರೇಮಿನ ಒಂದೇ ಅಂಚಿನಿಂದ ಒಳನುಗ್ಗಿದ ಬೆಳಕಿನ ಪಟ್ಟೆ ಕಾಣುತ್ತದೆ. ಜೋಡಣೆ ಸಡಿಲ ಎಂದು ಜನ ಕೊಕ್ಕೆಗಳನ್ನು ಶಂಕಿಸುತ್ತಾರೆ. ಸಾಮಾನ್ಯವಾಗಿ ತಪ್ಪು ತಗಡು ಜಾರುವ ಸೀಳಿನದು: ಅಲ್ಲಿ ಬೆಳಕು ತಡೆಯುವ ಫೋಮ್ ಮತ್ತು ಮಡಚಿದ ತೆಳು ಹಾಳೆ ವರ್ಷಗಳಲ್ಲಿ ಸವೆದು ಪುಡಿಯಾಗುತ್ತವೆ. ತಗಡು ಹೊರಗಿದ್ದಾಗ ಆ ಸೀಳು ಸೂರ್ಯನ ಕಡೆ ತಿರುಗಿದ್ದರೆ ಪಟ್ಟೆ ಹೆಚ್ಚು, ನೆರಳಲ್ಲಿದ್ದರೆ ಕಡಿಮೆ ಎಂದಾದರೆ ಅನುಮಾನ ಬೇಡ. ಫೋಮ್ ಮತ್ತು ಹಾಳೆ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಹಳೆಯ ಪುಡಿಯನ್ನು ಪೂರ್ತಿ ಕೆರೆದು ತೆಗೆದ ಮೇಲೆ.